ಅಜ್ಜಿಕಥೆ ಪರದೆಗೆ ಬಂದರೆ ಮಗು ಓದಲು ಕಲಿಯುತ್ತದೆಯೇ? ಹಾಸನ–ಚಿಕ್ಕಮಗಳೂರು ಸೀಮೆಯ ಕಥೆಗಳ ಬಗ್ಗೆ ಒಂದು ಚರ್ಚೆ

ಚರ್ಚೆಯ ಆರಂಭ: ಪ್ರಾಥಮಿಕ ಶಾಲಾ ಶಿಕ್ಷಕಿ, ಬೇಲೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಎರಡು ಜಿಲ್ಲೆಗಳ ಅಜ್ಜಿಕಥೆಗಳನ್ನು ವಿಡಿಯೊಗಳಾಗಿ, ಧ್ವನಿಪುಸ್ತಕಗಳಾಗಿ ಮಾಡಿ ಮಕ್ಕಳ ಓದಿಗೆ ಬಳಸಿಕೊಳ್ಳಬೇಕೆಂಬ ಮಾತು ಶಿಕ್ಷಕರ ಸಭೆಗಳಲ್ಲಿ ಈಚೆಗೆ ಮೇಲಿಂದ ಮೇಲೆ ಬರುತ್ತಿದೆ. ಮಾತು ಒಳ್ಳೆಯದೇ. ಆದರೆ ಈ ಬಗೆಯ ವಿಡಿಯೊಗಳಲ್ಲಿ ನಾನು ನೋಡಿರುವ ಹೆಚ್ಚಿನವುಗಳಲ್ಲಿ ಬಣ್ಣದ ಚಿತ್ರವಿದೆ, ಹಿನ್ನೆಲೆ ಸಂಗೀತವಿದೆ, ಇಂಪಾದ ದನಿಯೂ ಇದೆ; ಓದುವುದಕ್ಕೆ ಮಾತ್ರ ಒಂದು ಸಾಲೂ ಇಲ್ಲ. ಮಗು ನೋಡುತ್ತದೆ, ನಗುತ್ತದೆ, ಇನ್ನೊಂದು ಹಾಕಿ ಎನ್ನುತ್ತದೆ. ಅದರ ಓದು ಮಾತ್ರ ಇದ್ದಲ್ಲೇ ಇರುತ್ತದೆ.

ಓದಿನ ಸ್ಥಿತಿ ನಮಗೆಲ್ಲ ಗೊತ್ತಿರುವುದೇ. ಮಕ್ಕಳ ಓದು, ಲೆಕ್ಕವನ್ನು ಮನೆಮನೆಗೆ ಹೋಗಿ ಪರೀಕ್ಷಿಸುವ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಮೂರನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲವರ ಪ್ರಮಾಣ 2018ರಲ್ಲಿ ಸುಮಾರು ಶೇ. 27 ಇದ್ದದ್ದು, ಕೋವಿಡ್ ಕಾಲದ ಶಾಲಾ ಮುಚ್ಚುಗಡೆಯ ನಂತರ 2022ರಲ್ಲಿ ಶೇ. 20.5ಕ್ಕೆ ಇಳಿದು, 2024ರಲ್ಲಿ ಮತ್ತೆ ಶೇ. 27ರ ಆಸುಪಾಸಿಗೆ ಬಂದಿದೆ. ಹಿಂದಿದ್ದಲ್ಲಿಗೆ ಬಂದು ನಿಂತಿದ್ದೇವೆ ಎಂದು ಸಮಾಧಾನ ಪಡುವಂತಿಲ್ಲ, ಏಕೆಂದರೆ ಹಿಂದಿದ್ದ ಜಾಗವೇ ಒಳ್ಳೆಯದಾಗಿರಲಿಲ್ಲ.

ಕನ್ನಡದ ಮಗುವಿಗೆ ಇದರ ಮೇಲೆ ಇನ್ನೊಂದು ಹೊರೆಯೂ ಇದೆ. ವರ್ಣಮಾಲೆಯ ನಲವತ್ತೊಂಬತ್ತು ಅಕ್ಷರ ಕಲಿತರೆ ಕೆಲಸ ಮುಗಿಯುವುದಿಲ್ಲ. ಕಾಗುಣಿತ ಬರಬೇಕು, ಒತ್ತಕ್ಷರ ಬರಬೇಕು. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿರುವ ಸೊನಾಲಿ ನಾಗ್ ಅವರು ಅಕ್ಷರಜ್ಞಾನ ಬಲಿಯಲು ಪ್ರಾಥಮಿಕ ಹಂತದ ಹಲವು ವರ್ಷಗಳೇ ಹಿಡಿಯುತ್ತವೆ ಎಂಬುದನ್ನು ತೋರಿಸಿದ್ದಾರೆ. ಆ ವರ್ಷಗಳುದ್ದಕ್ಕೂ ಮಗು ಅಕ್ಷರ ಬಿಡಿಸುವುದರಲ್ಲೇ ದಣಿಯುತ್ತದೆ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಮೊದಲು ಏನಿತ್ತೆಂಬುದು ಮರೆತಿರುತ್ತದೆ.

ಜನಪದ ಕಥೆಯಿಂದ ನನಗಿರುವ ನಿರೀಕ್ಷೆ ಇಲ್ಲಿದೆ. ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳಿ. ಮಳೆಗೆ ಮನೆ ಕೊಚ್ಚಿಹೋದ ಕಾಗಕ್ಕ ಬಂದು "ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ" ಎನ್ನುತ್ತದೆ. "ತಾಳು ಕಾಗಕ್ಕ, ಮಗೀಗೆ ನೀರು ಹುಯ್ತಿದೀನಿ" ಎಂದು ಒಳಗಿನಿಂದ ಉತ್ತರ ಬರುತ್ತದೆ. ಮತ್ತೆ ಅದೇ ಕೂಗು; ಈ ಸಲ "ತಾಳು ಕಾಗಕ್ಕ, ಮಗೀಗೆ ತಲೆ ಬಾಚ್ತಿದೀನಿ". ಮತ್ತೆ ಅದೇ ಕೂಗು. "ತಾಳು ಕಾಗಕ್ಕ, ಮಗೀಗೆ ಬುವ್ವ ತಿನ್ನಿಸ್ತಿದೀನಿ". ಸಾಲು ಅದೇ, ಬದಲಾಗುವುದು ಒಂದೆರಡು ಪದ ಮಾತ್ರ. ಕಥೆ ಮುಗಿಯುವ ಹೊತ್ತಿಗೆ ಮಗುವಿನ ಕಣ್ಣ ಮುಂದೆ "ಬ್ಬ" ಮತ್ತು "ಕ್ಕ" ಎಂಬ ಒತ್ತಕ್ಷರಗಳು ಹತ್ತಾರು ಸಲ ಹಾದುಹೋಗಿರುತ್ತವೆ, ಅದೂ ಮಗುವಿಗೆ ಬಾಯಿಪಾಠವಾಗಿರುವ ಮಾತಿನೊಳಗೆ. ಒತ್ತಕ್ಷರ ಕಲಿಸಲು ಇದಕ್ಕಿಂತ ಸಹಜವಾದ ಪಾಠವನ್ನು ನಾನು ಕಂಡಿಲ್ಲ.

ಕಿವಿಗೆ ಮೊದಲೇ ಗೊತ್ತಿರುವ ಕಥೆಯನ್ನು ಕಣ್ಣಿಗೆ ಕೊಟ್ಟಾಗ ಮಗುವಿಗೆ ಅರ್ಥದ ಚಿಂತೆ ಇರುವುದಿಲ್ಲ, ಅದರ ಗಮನವೆಲ್ಲ ಅಕ್ಷರದ ಕಡೆಗೆ ತಿರುಗಬಲ್ಲದು. ಇದು ಆಗಬೇಕಾದರೆ ದನಿಯ ಜೊತೆಗೆ ಅಕ್ಷರ ಪರದೆಯ ಮೇಲೆ ಇರಲೇಬೇಕು, ಎರಡೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಅಕ್ಷರವಿಲ್ಲದ ಕಥಾ ವಿಡಿಯೊವನ್ನು ಓದಿನ ಕಾರ್ಯಕ್ರಮ ಎಂದು ಕರೆಯಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಗ್ರಂಥಾಲಯದವರು, ಜಾನಪದ ಬಲ್ಲವರು, ತಂತ್ರಜ್ಞಾನ ಬಲ್ಲವರು ದಯವಿಟ್ಟು ತಮ್ಮ ಅನುಭವ ಬರೆಯಿರಿ.

ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ, ಕಡೂರು ತಾಲ್ಲೂಕು

ಮೇಡಂ, ತಾವು ಸರಿಯಾದ ಜಾಗದಲ್ಲಿ ಬೆರಳಿಟ್ಟಿದ್ದೀರಿ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ, ಅದರಲ್ಲೂ 2020ರ ಮಕ್ಕಳ ದಿನಾಚರಣೆಯಂದು "ಓದುವ ಬೆಳಕು" ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕ ಮೇಲೆ, ಸಂಜೆ ಹೊತ್ತು ನಮ್ಮಲ್ಲಿ ಮಕ್ಕಳ ಸದ್ದು ಕೇಳುವಂತಾಗಿದೆ. ಈಗ ಇವುಗಳಿಗೆ ಅರಿವು ಕೇಂದ್ರ ಎಂದು ಹೆಸರು. ಅನೇಕ ಕಡೆ ಕಂಪ್ಯೂಟರ್, ಟಿವಿ ಬಂದಿವೆ.

ಆದರೆ ಸಲಕರಣೆ ಬಂದ ಮಾತ್ರಕ್ಕೆ ಓದು ಬರುವುದಿಲ್ಲ. ಒಂದು ಕಂಪ್ಯೂಟರ್ ಮುಂದೆ ಆರೇಳು ಮಕ್ಕಳು ಕೂತರೆ ಮೌಸ್ ಹಿಡಿದ ಹುಡುಗನೊಬ್ಬನೇ ಕಥೆ ಮುಂದೆ ಸರಿಸುತ್ತಾನೆ, ತನಗೆ ಬೇಕಾದ ವೇಗದಲ್ಲಿ ಸರಿಸುತ್ತಾನೆ, ನಿಧಾನವಾಗಿ ಓದುವ ಮಗು ಮೊದಲ ಸಾಲಿನಲ್ಲೇ ಹಿಂದೆ ಬೀಳುತ್ತದೆ. ಹೆಣ್ಣುಮಕ್ಕಳು ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಇದನ್ನು ನೋಡಿ ನೋಡಿ, ಕಥೆಯನ್ನು ಟಿವಿ ಪರದೆಗೆ ಹಾಕಿ, ದೊಡ್ಡ ಅಕ್ಷರದಲ್ಲಿ ಒಂದು ಸಲಕ್ಕೆ ಎರಡೇ ಸಾಲು ತೋರಿಸಿ, ಮರುಕಳಿಸುವ ಮಾತನ್ನು ಎಲ್ಲರೂ ಒಟ್ಟಿಗೆ ಓದುವಂತೆ ಮಾಡಿದೆ. ಗುಂಪಿನ ದನಿಯಲ್ಲಿ ತಪ್ಪು ಓದಿದ ಮಗುವಿಗೆ ಅವಮಾನವಾಗುವುದಿಲ್ಲ. ಎರಡನೆಯ ಸಲಕ್ಕೆ ಅದು ತಾನೇ ತಿದ್ದಿಕೊಳ್ಳುತ್ತದೆ.

ಇನ್ನೊಂದು ಮಾತು. ಅಜ್ಜಿಯಂದಿರು ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು. ಹೂಂಗುಟ್ಟುವುದು ನಿಂತರೆ ಅಜ್ಜಿ ಕಥೆ ನಿಲ್ಲಿಸಿ "ಮಲಗಿದ್ರೇನ್ರೋ" ಎಂದು ಕೇಳುತ್ತಾಳೆ. ಧ್ವನಿಮುದ್ರಿಕೆ ಹಾಗೆ ಕಾಯುವುದಿಲ್ಲ, ಓಡುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ಪ್ರಸಂಗದ ನಂತರ ದನಿ ನಿಂತು, ಅಕ್ಷರ ಮಾತ್ರ ಪರದೆಯ ಮೇಲೆ ಉಳಿದು, ಮಕ್ಕಳು ಆ ಸಾಲನ್ನು ತಾವೇ ಓದಿದ ಮೇಲೆ ಮುಂದಕ್ಕೆ ಹೋಗುವಂತಿರಬೇಕು. ಹೂಂಗುಟ್ಟುವ ಜಾಗದಲ್ಲಿ ಓದು ಬರಲಿ ಎಂಬುದು ನನ್ನ ಸಲಹೆ.

ಕಥೆಗಳಿಗೆ ನಮ್ಮ ಕಡೆ ಬರವಿಲ್ಲ. ಅಯ್ಯನಕೆರೆ, ಮದಗದ ಕೆರೆ ಎಂದರೆ ಇಲ್ಲಿನ ಪ್ರತಿ ಮಗುವಿಗೂ ಕಣ್ಣಿಗೆ ಕಟ್ಟುತ್ತದೆ. ಬಯಲುಸೀಮೆಯ ಹಲವು ಕೆರೆಗಳ ಬಗ್ಗೆ ಹೇಳುವ ನೀರಗಂಟಿಯ, ಅಂದರೆ ಕೆರೆಯ ನೀರು ಕಾಯುವವನ, ಕಥೆ ಎಲ್ಲರಿಗೂ ಗೊತ್ತಿರಬಹುದು. ಜಡಿಮಳೆಯ ರಾತ್ರಿ ಗಂಗಮ್ಮ ಕಾಣಿಸಿಕೊಂಡು ತಾನು ಏರಿ ಒಡೆದು ಹೋಗುತ್ತೇನೆ ಎನ್ನುತ್ತಾಳೆ. ನೀರಗಂಟಿ ಕಾಲಿಗೆ ಬಿದ್ದು, ಊರಿಗೆ ಸುದ್ದಿ ಮುಟ್ಟಿಸಿ ಬರುವತನಕ ತಡೆಯಮ್ಮ ಎಂದು ಬೇಡುತ್ತಾನೆ. ನೀನು ಬರುವತನಕ ಇರುತ್ತೇನೆ ಎಂದು ಆಕೆ ಮಾತು ಕೊಡುತ್ತಾಳೆ. ಅವನು ಹಿಂತಿರುಗದಿದ್ದರೆ ಕೆರೆ ಎಂದೆಂದಿಗೂ ಉಳಿಯುತ್ತದೆಂದು ಲೆಕ್ಕ ಹಾಕಿ ದೊರೆ ಅವನನ್ನು ಅಲ್ಲೇ ಕೊಲ್ಲಿಸುತ್ತಾನೆ. ಗಂಗಮ್ಮ ಇಂದಿಗೂ ಕಾಯುತ್ತಿದ್ದಾಳೆ. ಇಂಥ ಕಥೆಯನ್ನು ಐದನೆಯ ತರಗತಿಯ ಮಗು ಓದುತ್ತಾ ಹೋದರೆ ಮುಂದೇನಾಯಿತೆಂಬ ಆತಂಕವೇ ಅದನ್ನು ಕೊನೆಯ ಸಾಲಿನವರೆಗೆ ಎಳೆದೊಯ್ಯುತ್ತದೆ.

ಕನ್ನಡ ಉಪನ್ಯಾಸಕ, ಹಾಸನ

ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ನನ್ನದೊಂದು ಗಂಭೀರ ಆಕ್ಷೇಪವಿದೆ, ಅದು ಈ ಕೆಲಸ ಆಗಬಾರದೆಂದಲ್ಲ, ಆಗುವಾಗ ಎಚ್ಚರವಿರಲಿ ಎಂದು.

ಜನಪದ ಕಥೆಗೆ ಒಂದೇ ಪಾಠ ಎಂಬುದಿಲ್ಲ. ಕಾಗಕ್ಕನ ಮನೆ ಒಬ್ಬರ ಬಾಯಲ್ಲಿ ಸಗಣಿಯದು, ಇನ್ನೊಬ್ಬರ ಬಾಯಲ್ಲಿ ಮಣ್ಣಿನದು. ಕೊನೆಯಲ್ಲಿ ಕಾಗಕ್ಕನಿಗೆ ಏನಾಯಿತೆಂಬುದು ಊರಿಂದೂರಿಗೆ ಬೇರೆ. ನಾವು ಒಂದು ರೂಪವನ್ನು ಚಿತ್ರ ಬಿಡಿಸಿ, ಅಚ್ಚುಕಟ್ಟು ಮಾಡಿ ಪರದೆಗೆ ಏರಿಸಿದ ಕೂಡಲೇ ಅದೇ "ಸರಿಯಾದ" ಕಥೆ ಎನಿಸಿಕೊಳ್ಳುತ್ತದೆ; ಮನೆಯಲ್ಲಿ ಅಜ್ಜಿ ಬೇರೆ ಥರ ಹೇಳಿದರೆ ಮಗುವೇ ಆಕೆಯನ್ನು ತಿದ್ದಲು ಹೋಗುತ್ತದೆ. ಓದು ಕಲಿಸುವ ಭರದಲ್ಲಿ ಅಜ್ಜಿಯ ಬಾಯಿ ಮುಚ್ಚಿಸಿದಂತಾಗಬಾರದು.

ಎರಡನೆಯದು ಭಾಷೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ "ಹಾಲು" ಎಂಬುದು "ಆಲು", "ಹಟ್ಟಿ" ಎಂಬುದು "ಅಟ್ಟಿ", "ಬಾಗಿಲು" ಎಂಬುದು "ಬಾಕ್ಲು". ಅಜ್ಜಿಯ ದನಿಯನ್ನು ಹಾಗೆಯೇ ಇಟ್ಟುಕೊಂಡು ಕೆಳಗೆ ಪಠ್ಯಪುಸ್ತಕದ ಕನ್ನಡ ಹಾಕಿದರೆ, ಕೇಳುವುದು ಒಂದು, ಕಾಣುವುದು ಇನ್ನೊಂದು ಆಗುತ್ತದೆ. ಮೇಡಂ ಅವರು ಹೇಳಿದ ಒಂದೇ ಹೆಜ್ಜೆ ಅಲ್ಲಿಗೇ ತಪ್ಪುತ್ತದೆ. ಹಾಗೆಂದು ಪೇಟೆಯ ಸ್ಟುಡಿಯೊದಲ್ಲಿ ತಿದ್ದಿದ ಕನ್ನಡದಲ್ಲಿ ಮತ್ತೊಬ್ಬರಿಂದ ಓದಿಸಿದರೆ ಕಥೆಯ ಮಣ್ಣಿನ ವಾಸನೆಯೇ ಹೋಗಿಬಿಡುತ್ತದೆ.

ಸಕಲೇಶಪುರದಲ್ಲಿ ಹುಟ್ಟಿ "ಜಾನಪದ ಜಂಗಮ" ಎನಿಸಿಕೊಂಡ ಎಸ್. ಕೆ. ಕರೀಂಖಾನ್ ಅವರು ಊರೂರು ಅಲೆದು ಜನಪದವನ್ನು ಸಂಗ್ರಹಿಸಿದರು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿಕೊಟ್ಟರು. ಇಂಥವರು ಹುಟ್ಟಿದ ಜಿಲ್ಲೆಯಲ್ಲಿ ನಾವು ಮಾಡುವ ಕೆಲಸ ಮೂಲಕ್ಕೆ ನಿಷ್ಠವಾಗಿರಬೇಕಲ್ಲವೇ? ನನ್ನ ಸಲಹೆ ಇಷ್ಟು: ಅಜ್ಜಿ ಹೇಳಿದ್ದನ್ನು ಒಂದಕ್ಷರವನ್ನೂ ಕತ್ತರಿಸದೆ, ಕೆಮ್ಮು, ನಗು, ನಡುವಿನ ಮಾತು ಸಮೇತ ಮುದ್ರಿಸಿ, ಹೇಳಿದ ಊರು, ದಿನ ನಮೂದಿಸಿ ಸಂಗ್ರಹದಲ್ಲಿಡಬೇಕು. ಮಕ್ಕಳ ಓದಿನ ಆವೃತ್ತಿ ಅದರಿಂದ ಹುಟ್ಟಲಿ, ಆದರೆ ಅದೇ ಮೂಲ ಎಂದು ಹೇಳಿಕೊಳ್ಳದಿರಲಿ.

ಪ್ರಾಥಮಿಕ ಶಾಲಾ ಶಿಕ್ಷಕಿ, ಬೇಲೂರು ತಾಲ್ಲೂಕು

ಸರ್, ತಮ್ಮ ಎರಡು ಪ್ರತ್ಯೇಕ ಆವೃತ್ತಿಗಳ ಸಲಹೆಯನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಓದಿನ ಆವೃತ್ತಿಯ ಕೊನೆಯ ಪುಟದಲ್ಲಿ "ನಿಮ್ಮ ಮನೆಯಲ್ಲಿ ಈ ಕಥೆಯನ್ನು ಹೇಗೆ ಹೇಳುತ್ತಾರೆ?" ಎಂಬ ಪ್ರಶ್ನೆಯೊಂದನ್ನು ಹಾಕಿ, ಮಗು ಮನೆಯ ರೂಪವನ್ನು ಕೇಳಿಕೊಂಡು ಬಂದು ನಾಲ್ಕು ಸಾಲು ಬರೆಯುವಂತೆ ಮಾಡಿದರೆ ಅಜ್ಜಿಯ ಕಥೆಗೆ ಮರ್ಯಾದೆಯೂ ಉಳಿಯುತ್ತದೆ, ಮಗುವಿಗೆ ಬರವಣಿಗೆಯೂ ಆಗುತ್ತದೆ.

ಆಡುನುಡಿಯ ವಿಷಯದಲ್ಲಿ ತರಗತಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. "ಅಟ್ಟಿ" ಎನ್ನುವ ಮನೆಯಿಂದ ಬಂದ ಮಗು "ಹ" ಮತ್ತು "ಅ" ನಡುವೆ ತಡವರಿಸುವುದು ಸಹಜ. ಅದಕ್ಕೆ ಅದರ ಮನೆಮಾತು ತಪ್ಪು ಎನ್ನುವುದು ಕ್ರೌರ್ಯ. ಆದರೆ ಪುಸ್ತಕದ ರೂಪವನ್ನು ಕಲಿಸದೇ ಬಿಡುವುದೂ ಅನ್ಯಾಯ. ಪಾತ್ರಗಳ ಮಾತನ್ನು ಅಜ್ಜಿ ಹೇಳಿದಂತೆಯೇ ಬರೆದು, ಉದ್ಧರಣ ಚಿಹ್ನೆಯೊಳಗೆ ಇಟ್ಟು, ಅದಕ್ಕೆ ಅಜ್ಜಿಯ ದನಿಯನ್ನೇ ಬಳಸೋಣ. ಕಥೆಯ ನಿರೂಪಣೆಯನ್ನು ಸರಳ ಬರಹದ ಕನ್ನಡದಲ್ಲಿಟ್ಟು, ಅದೇ ಊರಿನ ಶಿಕ್ಷಕರೋ ಹೈಸ್ಕೂಲು ಹುಡುಗಿಯೋ ಓದಲಿ. ಆಗ ಕಿವಿಗೆ ಬಿದ್ದದ್ದೇ ಕಣ್ಣಿಗೂ ಕಾಣುತ್ತದೆ, ಎರಡು ಬಗೆಯ ಕನ್ನಡವಿದೆ, ಎರಡೂ ನಮ್ಮವೇ ಎಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ. ಕಾಗಕ್ಕ "ಬಾಕ್ಲು ತಗಿ" ಎಂದೇ ಕೂಗಲಿ. ಮುಂದಿನ ಸಾಲಿನಲ್ಲಿ "ಗುಬ್ಬಕ್ಕ ಬಾಗಿಲು ತೆಗೆಯಲಿಲ್ಲ" ಎಂದು ಬರಲಿ.

ಕಾಫಿ ತೋಟದ ಮಕ್ಕಳಿಗೆ ಸಂಜೆ ಪಾಠ ಹೇಳುವವರು, ಮೂಡಿಗೆರೆ ತಾಲ್ಲೂಕು

ಚರ್ಚೆ ಇಲ್ಲಿಯವರೆಗೆ ಕನ್ನಡ ಮನೆಮಾತಿನ ಮಕ್ಕಳ ಸುತ್ತ ನಡೆದಿದೆ. ತೋಟದ ಕೂಲಿಕಾರರು ಇರುವ ಲೈನ್ ಮನೆಗಳ ಕಡೆಗೂ ದಯವಿಟ್ಟು ನೋಡಬೇಕು. ನಾನು ಪಾಠ ಹೇಳುವಲ್ಲಿ ತುಳು ಮನೆಮಾತಿನ ಮಕ್ಕಳಿದ್ದಾರೆ, ತಮಿಳಿನವರಿದ್ದಾರೆ, ಈಚಿನ ವರ್ಷಗಳಲ್ಲಿ ಉತ್ತರದ ರಾಜ್ಯಗಳಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಕಡೂರು, ತರೀಕೆರೆ, ಅರಸೀಕೆರೆ ಕಡೆಯ ತಾಂಡಾಗಳ ಮಕ್ಕಳಿಗೆ ಲಂಬಾಣಿ ಮನೆಮಾತು. ಕಿವಿಗೆ ಗೊತ್ತಿರುವ ಕಥೆ ಕಣ್ಣಿಗೆ ಸುಲಭ ಎಂಬ ಮೇಡಂ ಅವರ ಮಾತು ನಿಜವಾದರೆ, ಈ ಮಕ್ಕಳ ಕಿವಿಯಲ್ಲಿರುವ ಕಥೆ ಯಾವುದು ಎಂದು ಕೇಳಬೇಕಲ್ಲ.

ನಾನು ಮಾಡುವುದು ಹೀಗೆ. ಮೊದಲು ಮಗುವಿನ ತಾಯಿಯಿಂದಲೋ ಅಜ್ಜಿಯಿಂದಲೋ ಅವರದೇ ಮಾತಿನಲ್ಲಿ ಕಥೆ ಹೇಳಿಸುತ್ತೇನೆ, ಫೋನಿನಲ್ಲಿ ಮುದ್ರಿಸಿಕೊಳ್ಳುತ್ತೇನೆ. ಮಕ್ಕಳೆಲ್ಲ ಅದನ್ನು ಕೇಳುತ್ತಾರೆ; ಆ ಭಾಷೆ ಬರುವ ಮಗು ಉಳಿದವರಿಗೆ ಕನ್ನಡದಲ್ಲಿ ಹೇಳುತ್ತದೆ. ಆ ದಿನ ಆ ಮಗುವೇ ಗುರು. ಮಗು ಹೇಳಿದ ಕನ್ನಡವನ್ನೇ ಸಣ್ಣ ವಾಕ್ಯಗಳಾಗಿ ಬರೆದು, ಮಕ್ಕಳೇ ಬಿಡಿಸಿದ ಚಿತ್ರದ ಫೋಟೊ ಸೇರಿಸಿ, ಪುಟ ಪುಟವಾಗಿ ತೋರಿಸುತ್ತೇನೆ. ಕನ್ನಡದಲ್ಲಿ ಬಾಯಿ ಬಿಡದೆ ಕುಳಿತಿರುತ್ತಿದ್ದ ಹುಡುಗಿಯೊಬ್ಬಳು ತನ್ನ ಅಜ್ಜಿಯ ನರಿಯ ಕಥೆ ಪರದೆಗೆ ಬಂದಾಗ ಎದ್ದುಬಂದು ಸಾಲಿನ ಮೇಲೆ ಬೆರಳಿಟ್ಟು ಓದಿದಳು. ತುಳುವನ್ನೂ ಲಂಬಾಣಿಯನ್ನೂ ಕನ್ನಡ ಲಿಪಿಯಲ್ಲಿ ಬರೆಯಬಹುದಾದ್ದರಿಂದ, ಕಥೆಯ ಒಂದೆರಡು ಸಾಲನ್ನು ಮಗುವಿನ ಮಾತಿನಲ್ಲೇ ಇಟ್ಟರೂ ಅಕ್ಷರಾಭ್ಯಾಸಕ್ಕೆ ನಷ್ಟವಿಲ್ಲ.

ಸ್ಥಳದ ಕಥೆಗಳಿಗೂ ಇಲ್ಲಿ ಕೊರತೆಯಿಲ್ಲ. ಹೊಯ್ಸಳರ ಮೂಲವೆನ್ನುವ ಸೊಸೆವೂರು, ಅಂದರೆ ಇಂದಿನ ಅಂಗಡಿ, ನಮ್ಮ ತಾಲ್ಲೂಕಿನದೇ. ಗುರು "ಹೊಯ್ ಸಳ" ಎಂದು ಕೂಗಿದ, ಸಳ ಹುಲಿಯನ್ನು ಹೊಡೆದ ಎಂಬ ಐತಿಹ್ಯ ಬೇಲೂರಿನ 1117ರ ಶಾಸನದಲ್ಲೇ ಕಾಣಸಿಗುತ್ತದೆ. ಬಾಬಾಬುಡನ್ ಅವರು ಯೆಮನ್ನಿನಿಂದ ಏಳು ಕಾಫಿ ಬೀಜ ತಂದ ಕಥೆಯನ್ನು, ಕಾಫಿ ಹಣ್ಣು ಕೊಯ್ಯುವವರ ಮಕ್ಕಳು ತಮ್ಮ ಮನೆಯ ಕಥೆಯೆಂಬಂತೆ ಕೇಳುತ್ತಾರೆ.

ನೆಟ್‌ವರ್ಕ್ ಬಗ್ಗೆ ಒಂದೇ ಮಾತು: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೇ ಇರುವುದಿಲ್ಲ. ಆನ್‌ಲೈನಿನಲ್ಲಿ ಮಾತ್ರ ನಡೆಯುವ ಯಾವುದೂ ಮಲೆನಾಡಿನ ಶಾಲೆಗೆ ಬರುವುದಿಲ್ಲ.

ತಂತ್ರಾಂಶ ಉದ್ಯೋಗಿ, ಚಿಕ್ಕಮಗಳೂರು

ದನಿಯ ಜೊತೆಗೆ ಅದೇ ಭಾಷೆಯ ಅಕ್ಷರ ತೋರಿಸುವ ವಿಧಾನ ಭಾರತದಲ್ಲಿ ಹೊಸದೇನಲ್ಲ. ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿ ಅವರು 1996ರಲ್ಲಿ ಇದರ ಕೆಲಸ ಶುರುಮಾಡಿದರು. ಟಿವಿಯಲ್ಲಿ ಬರುವ ಚಿತ್ರಗೀತೆಗೆ ಅದೇ ಭಾಷೆಯಲ್ಲಿ ಅಡಿಬರಹ ಹಾಕಿ, ಹಾಡು ನಡೆದಂತೆ ಪದದ ಬಣ್ಣ ಬದಲಾಗುವಂತೆ ಮಾಡಿದರು. ಹಾಡು ಬಾಯಿಗೆ ಬರುವುದರಿಂದ ಕಣ್ಣು ತಾನಾಗಿ ಅಕ್ಷರದ ಮೇಲೆ ಹೋಗುತ್ತದೆ ಎಂಬುದೇ ಅದರ ತಳಹದಿ. ಜನಪದ ಕಥೆಗೂ ಇದು ಅಷ್ಟೇ ಚೆನ್ನಾಗಿ ಹೊಂದುತ್ತದೆ.

ಕನ್ನಡದಲ್ಲಿ ಇದನ್ನು ಮಾಡುವವರು ಮೊದಲು ನೋಡಿಕೊಳ್ಳಬೇಕಾದದ್ದು ಅಕ್ಷರದ ರೂಪ. ಕೆಲವು ವಿಡಿಯೊ ಆ್ಯಪ್‌ಗಳಿಗೆ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ. "ಗುಬ್ಬಕ್ಕ" ಎಂದು ಟೈಪ್ ಮಾಡಿದರೆ ಪರದೆಯ ಮೇಲೆ "ಗುಬ್‌ಬಕ್‌ಕ" ಎಂದು ಬೀಳುತ್ತದೆ. ದೊಡ್ಡವರು ಅದನ್ನು ಹೇಗೋ ಓದಿಕೊಳ್ಳುತ್ತಾರೆ. ಒತ್ತಕ್ಷರವನ್ನು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಅದು ನೇರವಾಗಿ ತಪ್ಪು ಪಾಠ. ಮೇಡಂ ಅವರು ಯಾವುದನ್ನು ಈ ಕಥೆಯ ದೊಡ್ಡ ಲಾಭ ಎಂದರೋ ಅದೇ ಕೈಬಿಟ್ಟುಹೋಗುತ್ತದೆ. ಆದ್ದರಿಂದ ಪೂರ್ತಿ ವಿಡಿಯೊ ಮಾಡುವ ಮುನ್ನ "ಗುಬ್ಬಕ್ಕ", "ರಾಕ್ಷಸ", "ಸೂರ್ಯ", "ಮಗ್ಗಿ" ಇಂಥ ಪದಗಳನ್ನು ಹಾಕಿ ಪರೀಕ್ಷಿಸಬೇಕು. "ಸೂರ್ಯ"ದಲ್ಲಿ ಅರ್ಕಾವತ್ತು ಸರಿಯಾಗಿ ಬರುವಂತಿದ್ದರೆ ಉಳಿದವೂ ಸಾಮಾನ್ಯವಾಗಿ ಸರಿಯಿರುತ್ತವೆ. ಆ್ಯಪ್ ಕೈಕೊಟ್ಟರೆ ಪಠ್ಯವನ್ನು ಬೇರೆಡೆ ಬರೆದು ಚಿತ್ರವಾಗಿ ಉಳಿಸಿ ಸೇರಿಸುವುದು ಸುಲಭದ ದಾರಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿರುವ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡೇ ಮುಂದುವರಿಯಬೇಕು. ಪರಿವರ್ತನೆಯಾದ ಮೇಲೆ ಕಣ್ಣಿಟ್ಟು ತಿದ್ದಬೇಕು.

ಸಾಲಿನ ಉದ್ದವೂ ಮುಖ್ಯ. ನಮ್ಮ ಪದಗಳು ಪ್ರತ್ಯಯ ಸೇರಿ ಉದ್ದವಾಗುತ್ತವೆ. ಸಣ್ಣ ಮಕ್ಕಳಿಗೆ ಒಂದು ಸಾಲಿಗೆ ಮೂರು ಪದ, ಹೆಚ್ಚೆಂದರೆ ನಾಲ್ಕು. ಪದವನ್ನು ನಡುವೆ ಮುರಿದು ಮುಂದಿನ ಸಾಲಿಗೆ ತಳ್ಳಬಾರದು. ಬಣ್ಣ ಬದಲಾಗುವುದು ಇಡೀ ಪದಕ್ಕೆ ಆಗಲಿ, ಅಕ್ಷರಕ್ಕಲ್ಲ. ಅಕ್ಷರಕ್ಕೊಂದು ಸಲ ಮಿನುಗಿದರೆ ಮಗು ಮತ್ತೆ ಕೂಡಿಸಿ ಓದುವ ಅಭ್ಯಾಸಕ್ಕೇ ಬೀಳುತ್ತದೆ. ಹಿನ್ನೆಲೆ ಸಂಗೀತವನ್ನು ದಯವಿಟ್ಟು ಬಿಟ್ಟುಬಿಡಿ, ಅದು ಪದಗಳ ಅಂಚನ್ನು ಮಸುಕು ಮಾಡುತ್ತದೆ. ಧ್ವನಿಮುದ್ರಣವನ್ನು ಶೀಟಿನ ಮಾಡಿನ ಕೆಳಗೆ ಮಳೆಯಲ್ಲಿ ಮಾಡಬೇಡಿ. ಭತ್ತದ ಮೂಟೆ, ಬಟ್ಟೆಬರೆ ಇರುವ ಕೋಣೆಯಲ್ಲಿ ದನಿ ಪ್ರತಿಧ್ವನಿಸದೆ ಚೆನ್ನಾಗಿ ಬರುತ್ತದೆ.

ಮಲೆನಾಡಿನ ನೆಟ್‌ವರ್ಕ್ ಸಮಸ್ಯೆಗೆ ಉತ್ತರ ಪೆನ್‌ಡ್ರೈವ್. ಕಡತವನ್ನು ಕಿರಿದು ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟರೆ ಅರಿವು ಕೇಂದ್ರದ ಟಿವಿಯಲ್ಲೂ ನಡೆಯುತ್ತದೆ, ಶಾಲೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಹೊಸ ಆ್ಯಪ್ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕಥೆಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ, ಮುಕ್ತ ಪರವಾನಗಿಯಲ್ಲಿ ಇಟ್ಟಿದ್ದಾರೆ. ಅಲ್ಲಿ ನಮ್ಮ ಕಥೆಯನ್ನು ನಾವೇ ಸೇರಿಸಬಹುದು, ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೂ ಓದಿಸಬಹುದು, ಮುದ್ರಿಸಲೂಬಹುದು.

ಪೋಷಕರು, ಸಕಲೇಶಪುರ

ಮಕ್ಕಳ ಕೈಯಿಂದ ಫೋನ್ ಬಿಡಿಸುವುದೇ ನಮ್ಮ ಮನೆಗಳಲ್ಲಿ ದೊಡ್ಡ ಕೆಲಸವಾಗಿದೆ. ಈಗ ಶಾಲೆಯೇ ಪರದೆ ನೋಡಿ ಎಂದರೆ ನಾವು ಹೇಗೆ ತಡೆಯುವುದು? ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಅದಕ್ಕೂ ಚಿಕ್ಕವರಿಗೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಕಥೆಯ ಹೆಸರಿನಲ್ಲಿ ಅಂಗನವಾಡಿಯ ಮಕ್ಕಳಿಗೂ ಇದನ್ನು ತೋರಿಸತೊಡಗಿದರೆ ನನಗೆ ಒಪ್ಪಿಗೆಯಿಲ್ಲ. ಒಂದು ಕಥೆ ಮುಗಿದ ಕೂಡಲೇ ತಾನಾಗಿ ಇನ್ನೊಂದು ಶುರುವಾಗುವ ಯೂಟ್ಯೂಬಿನಂಥ ಜಾಗದಲ್ಲಿ ಇವನ್ನು ಹಾಕಿ ಕೊಂಡಿ ಕಳುಹಿಸುವುದು ಬೇಡ ಎಂದು ಕೇಳಿಕೊಳ್ಳುತ್ತೇನೆ.

ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ, ಕಡೂರು ತಾಲ್ಲೂಕು

ತಮ್ಮ ಆತಂಕ ನ್ಯಾಯವಾದದ್ದು. ನಾವು ಮಾತಾಡುತ್ತಿರುವುದು ಶಾಲೆಗೆ ಸೇರಿ ಅಕ್ಷರ ಕಲಿಯುತ್ತಿರುವ ಮಕ್ಕಳ ಬಗ್ಗೆ. ಅಂಗನವಾಡಿಯ ಕೂಸುಗಳಿಗೆ ಬಾಯಿಮಾತಿನ ಕಥೆಯೇ ಸಾಕು. ನಮ್ಮ ಕೇಂದ್ರದಲ್ಲಿ ಸಂಜೆಗೆ ಒಂದೇ ಕಥೆ. ಮುಗಿದ ಮೇಲೆ ಟಿವಿ ಆರಿಸಿ ಅದೇ ಕಥೆಯ ಮುದ್ರಿತ ಹಾಳೆಯನ್ನು ಕೈಗೆ ಕೊಡುತ್ತೇನೆ. ಮನೆಗೆ ಹೋಗುವುದು ಆ ಹಾಳೆಯೇ, ಕೊಂಡಿಯಲ್ಲ.

ವಕೀಲರು, ಅರಸೀಕೆರೆ

ಕಥೆ ಹೇಳುವ ಹಿರಿಯರ ಹಕ್ಕಿನ ಬಗ್ಗೆ ಯಾರೂ ಬರೆಯದ ಕಾರಣ ನಾನು ಬರೆಯುತ್ತಿದ್ದೇನೆ. ಜನಪದ ಕಥೆಗೆ ಕರ್ತೃವಿಲ್ಲ, ಆದ್ದರಿಂದ ಹೇಗೆ ಬೇಕಾದರೂ ಬಳಸಬಹುದು ಎಂದು ಅನೇಕರು ತಿಳಿದಿದ್ದಾರೆ. ಕಥೆಗೆ ಕರ್ತೃವಿಲ್ಲದಿರಬಹುದು, ಆದರೆ ಅದನ್ನು ಹೇಳುತ್ತಿರುವ ಅಜ್ಜಿಯ ದನಿ ಆಕೆಯದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕರಿಗೆ ಪ್ರತ್ಯೇಕ ಹಕ್ಕು ಕೊಟ್ಟಿತು. ಈಗ ಅದರ ಅವಧಿ ಐವತ್ತು ವರ್ಷ. ಆದ್ದರಿಂದ ದನಿ ಮುದ್ರಿಸಿಕೊಳ್ಳುವ ಮುನ್ನ ಎಲ್ಲಿ, ಯಾರಿಗೆ, ಯಾವ ಉದ್ದೇಶಕ್ಕೆ ಬಳಸುತ್ತೇವೆ ಎಂಬುದನ್ನು ಆಕೆಗೆ ತಿಳಿಯುವ ಮಾತಿನಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು. ಸಹಿ ಬಾರದವರ ಒಪ್ಪಿಗೆಯನ್ನು ದನಿಯಲ್ಲೇ ಮುದ್ರಿಸಿಟ್ಟುಕೊಳ್ಳಬಹುದು. ಒಪ್ಪಿದವರ ಹೆಸರು ಕಥೆಯ ಮೊದಲ ಪುಟದಲ್ಲೇ ಇರಲಿ. ಒಂದು ದಿನದ ಕೂಲಿ ಬಿಟ್ಟು ಕಥೆ ಹೇಳಲು ಕೂತವರಿಗೆ ಆ ಕೂಲಿಯನ್ನಾದರೂ ಕೊಡುವುದು ಕಾನೂನಿಗಿಂತ ಮೊದಲು ಬರುವ ಕರ್ತವ್ಯ.

ಪುಸ್ತಕದಲ್ಲಿ ಅಚ್ಚಾದ ಜನಪದ ಕಥೆಯನ್ನು ಹಾಗೆಯೇ ಎತ್ತಿ ಹಾಕುವುದು ಬೇರೆಯೇ ವಿಷಯ. ಸಂಪಾದಕರು ಬರೆದ ರೂಪಕ್ಕೆ ಕೃತಿಸ್ವಾಮ್ಯ ಇರುತ್ತದೆ, ಅದು ಅವರ ನಿಧನದ ನಂತರವೂ ಅರವತ್ತು ವರ್ಷ ಉಳಿಯುತ್ತದೆ. ಮಕ್ಕಳ ದನಿ, ಫೋಟೊ ಬಳಸುವುದಾದರೆ ಪೋಷಕರ ಒಪ್ಪಿಗೆ ಇಲ್ಲದೆ ಬೇಡ.

ಕನ್ನಡ ಉಪನ್ಯಾಸಕ, ಹಾಸನ

ಕಥೆಗಳ ಆಯ್ಕೆಯ ಬಗ್ಗೆ ಇನ್ನೆರಡು ಮಾತು ಸೇರಿಸುತ್ತೇನೆ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆಯನ್ನು ನಮ್ಮ ಜಿಲ್ಲೆಯ ಎಲ್ಲರೂ ಕೇಳಿದ್ದೇವೆ. ಹುಡುಗನೊಬ್ಬ ವಿಗ್ರಹದಲ್ಲಿ ದೋಷವಿದೆ ಎನ್ನುತ್ತಾನೆ. ಅದನ್ನು ಕೆತ್ತಿದ ಶಿಲ್ಪಿ ಜಕಣಾಚಾರಿ, ದೋಷ ತೋರಿಸಿದರೆ ನನ್ನ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎನ್ನುತ್ತಾನೆ. ಗಂಧ ಬಳಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗುವುದಿಲ್ಲ. ಕುಟ್ಟಿ ನೋಡಿದರೆ ಒಳಗಿಂದ ನೀರು, ಮರಳು, ಕಪ್ಪೆ ಹೊರಬರುತ್ತವೆ. ಹುಡುಗ ಅವನ ಮಗ ಡಂಕಣನೇ ಎಂದು ತಿಳಿಯುತ್ತದೆ. ಮಕ್ಕಳ ಓದಿಗೆ ಇದು ಬಹಳ ಒಳ್ಳೆಯ ಕಥೆ. ಆದರೆ ಇದನ್ನು ಇತಿಹಾಸವೆಂದು ಕೊಡಬಾರದು. ಬೇಲೂರಿನ ಶಾಸನಗಳಲ್ಲಿ ಜಕಣಾಚಾರಿಯ ಹೆಸರಿಲ್ಲ. ಶಿಲ್ಪಿಗಳಾಗಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳಿವೆ. ಕಥೆಯ ಕೊನೆಗೆ "ಇದು ಜನ ಹೇಳುವ ಕಥೆ, ಕಲ್ಲಿನ ಮೇಲೆ ಬರೆದಿರುವ ಹೆಸರುಗಳು ಇವು" ಎಂದು ಒಂದು ಪುಟ ಸೇರಿಸಿದರೆ ಸಾಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಶಾಲಾ ಪ್ರವಾಸಗಳು ಹೆಚ್ಚುವುದು ಸಹಜ. ಪ್ರವಾಸಕ್ಕೆ ಮೊದಲು ಕಥೆ ಓದಿಸಿ, ದೇವಾಲಯದಲ್ಲಿ ಆ ಹೆಸರುಗಳ ಬಗ್ಗೆ ಕೇಳಿ ಬರಲಿ.

ಎರಡನೆಯದು, ಸವತಿಯನ್ನೋ ಕರಿ ಬಣ್ಣದವರನ್ನೋ ಒಂದು ಜಾತಿಯನ್ನೋ ಹೀಗಳೆಯುವ ಕಥೆಗಳೂ ನಮ್ಮಲ್ಲಿವೆ. ಅವನ್ನು ಸಂಗ್ರಹದಲ್ಲಿ ಇದ್ದಂತೆಯೇ ಇಡಬೇಕು, ತಿದ್ದಬಾರದು. ಮಕ್ಕಳ ಓದಿಗೆ ಆರಿಸಬಾರದು. ನೀರಗಂಟಿಯ ಕಥೆಯನ್ನು ಮಾತ್ರ ಕ್ರೂರವೆಂದು ಬಿಡಬೇಡಿ. ದೊರೆ ಮಾಡಿದ್ದು ಸರಿಯೇ ಎಂದು ಮಕ್ಕಳು ಜಗಳವಾಡಲಿ, ಆ ಜಗಳಕ್ಕಾಗಿ ಕಥೆಗೆ ಹಿಂತಿರುಗಿ ಹೋಗಿ ಮತ್ತೆ ಓದುತ್ತಾರೆ.

ಪ್ರಾಥಮಿಕ ಶಾಲಾ ಶಿಕ್ಷಕಿ, ಬೇಲೂರು ತಾಲ್ಲೂಕು

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದದ್ದಕ್ಕೆ ಕೃತಜ್ಞಳಾಗಿದ್ದೇನೆ. ಉಳಿದಿರುವ ಪ್ರಶ್ನೆ ಒಂದೇ: ಮಗು ಓದುತ್ತಿದೆಯೋ ಬಾಯಿಪಾಠ ಒಪ್ಪಿಸುತ್ತಿದೆಯೋ ಎಂಬುದನ್ನು ತಿಳಿಯುವುದು ಹೇಗೆ? ಗೊತ್ತಿರುವ ಕಥೆಯ ಬಲವೂ ಅದೇ, ಅಪಾಯವೂ ಅದೇ. ಪರದೆ ನೋಡದೆಯೇ "ಗುಬ್ಬಕ್ಕ ಗುಬ್ಬಕ್ಕ" ಎಂದು ಮಗು ಹೇಳಬಲ್ಲದು.

ಅದಕ್ಕೆ ನಾನು ಅನುಸರಿಸುವ ಕ್ರಮವನ್ನು ಬರೆಯುತ್ತೇನೆ. ಮೊದಲು ದನಿ ಮತ್ತು ಅಕ್ಷರ ಜೊತೆಯಲ್ಲಿ. ಆಮೇಲೆ ಮರುಕಳಿಸುವ ಸಾಲಿನಲ್ಲಿ ದನಿ ನಿಲ್ಲುತ್ತದೆ, ಮೇಲ್ವಿಚಾರಕರು ಹೇಳಿದಂತೆ ಮಕ್ಕಳೇ ಓದುತ್ತಾರೆ. ಮೂರನೆಯ ಸಲಕ್ಕೆ ದನಿ ಪೂರ್ತಿ ಇಲ್ಲ, ಮುದ್ರಿತ ಹಾಳೆ ಮಾತ್ರ. ಆ ಹಾಳೆಯಲ್ಲಿ ಬೇಕೆಂದೇ ಒಂದೆರಡು ಪದ ಬದಲಾಯಿಸಿರುತ್ತೇನೆ. "ಮಗೀಗೆ ಬುವ್ವ ತಿನ್ನಿಸ್ತಿದೀನಿ" ಎಂಬಲ್ಲಿ "ಮಗೀಗೆ ಅಂಗಿ ಹಾಕ್ತಿದೀನಿ" ಎಂದಿರುತ್ತದೆ. ಬಾಯಿಪಾಠದ ಮಗು ಬುವ್ವ ಎಂದೇ ಹೇಳಿ ಮುಂದೆ ಹೋಗುತ್ತದೆ. ಓದುತ್ತಿರುವ ಮಗು ಅಲ್ಲಿ ತಡೆಯುತ್ತದೆ, ಹಾಳೆಯನ್ನು ಮತ್ತೆ ನೋಡುತ್ತದೆ, "ಮಿಸ್, ಇಲ್ಲಿ ಬೇರೆ ಐತೆ" ಎನ್ನುತ್ತದೆ. ಕೊನೆಗೆ ಅದೇ ಒತ್ತಕ್ಷರಗಳಿರುವ, ಹಿಂದೆ ಕೇಳಿರದ ನಾಲ್ಕು ಸಾಲಿನ ಹೊಸ ಕಥೆಯೊಂದನ್ನು ಕೊಡುತ್ತೇನೆ. ಅದನ್ನು ಓದಿದರೆ ಮಾತ್ರ ಓದು ಬಂತೆಂದು ಬರೆದುಕೊಳ್ಳುತ್ತೇನೆ. ನಲಿ-ಕಲಿ ತರಗತಿಗಳಲ್ಲಿ ಮಗು ತನ್ನ ಮೆಟ್ಟಿಲನ್ನು ತನ್ನ ವೇಗದಲ್ಲಿ ಹತ್ತುವಂತೆ ಇಲ್ಲಿಯೂ ಒಬ್ಬೊಬ್ಬರದು ಒಂದೊಂದು ಹಂತದಲ್ಲಿರುತ್ತದೆ, ಯಾರನ್ನೂ ಅವಸರಪಡಿಸಬೇಕಿಲ್ಲ.

ಮೊದಲ ಕಂತಿಗೆ ಮೂರು ಕಥೆ ಸಾಕೆಂದು ತೋರುತ್ತದೆ: ಎರಡು, ಮೂರನೆಯ ತರಗತಿಗೆ ಕಾಗಕ್ಕ ಗುಬ್ಬಕ್ಕ, ನಾಲ್ಕಕ್ಕೆ ಸಳನ ಕಥೆ, ಐದಕ್ಕೆ ನೀರಗಂಟಿ. ಮೂಡಿಗೆರೆಯವರು ತೋಟದ ಮನೆಗಳಿಂದ ಇನ್ನೊಂದು ಕಥೆ ಕೊಟ್ಟರೆ ನಾಲ್ಕಾಗುತ್ತದೆ. ನೀರಗಂಟಿ ಕಥೆಯ ಬೇರೆ ಬೇರೆ ರೂಪಗಳನ್ನು ಕಡೂರು ಕಡೆಯ ಹಿರಿಯರಿಂದ ಮುದ್ರಿಸಿಕೊಳ್ಳುವುದನ್ನು ಮೇಲ್ವಿಚಾರಕರು ವಹಿಸಿಕೊಳ್ಳಬಹುದೇ? ಒಪ್ಪಿಗೆಯ ಮಾತುಗಳನ್ನು ವಕೀಲರು ಅರ್ಧ ಪುಟದಲ್ಲಿ, ಅಜ್ಜಿಯರಿಗೆ ಓದಿ ಹೇಳುವಂಥ ಕನ್ನಡದಲ್ಲಿ ಬರೆದುಕೊಟ್ಟರೆ ಧ್ವನಿಮುದ್ರಣಕ್ಕೆ ಮೊದಲೇ ಕೈಗೆ ಸಿಗುತ್ತದೆ. ನಾನು ಕಾಗಕ್ಕ ಗುಬ್ಬಕ್ಕನ ಪಠ್ಯವನ್ನು ಮೂರು ಪದದ ಸಾಲುಗಳಾಗಿ ಒಡೆದು ಇದೇ ಚರ್ಚೆಯ ಕೆಳಗೆ ಹಾಕುತ್ತೇನೆ. ಒತ್ತಕ್ಷರಗಳು ತಮ್ಮ ತಮ್ಮ ಫೋನುಗಳಲ್ಲಿ ಸರಿಯಾಗಿ ಕಾಣುತ್ತವೆಯೇ ಎಂಬುದನ್ನು ಎಲ್ಲರೂ ನೋಡಿ ತಿಳಿಸಬೇಕು.